ಎಲೆಯ ಅಂಚಿನಲ್ಲಿ ಹವಾಮಾನ

ಹೊಂಗೆ, ಬೇವು ಎರಡೂ ಬೆಂಗಳೂರಿನ ಹೊರಮಾವಿನ ಬೀದಿಗಳಿಗೆ ಹೊಸಬರಲ್ಲ. ಹೂಕಾಯಿ ಇಲ್ಲದ ಕಾಲದಲ್ಲೂ ಇವನ್ನು ಗುರುತಿಸಲು ಎಲೆಯ ಅಂಚೊಂದೇ ಸಾಕು. ಹೊಂಗೆಯ ಕಿರುಎಲೆಯ ಸುತ್ತ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಇದು ಅಖಂಡ ಅಂಚು. ಬೇವಿನದಕ್ಕೆ ಉದ್ದಕ್ಕೂ ಹಲ್ಲು, ಇದು ಗರಗಸದಂಚು.

ಹಲ್ಲಿದ್ದದ್ದೆಲ್ಲ ಗರಗಸವಲ್ಲ. ಮೊನೆ ಎಲೆಯ ತುದಿಯತ್ತ ವಾಲಿದ್ದರೆ ಮಾತ್ರ ಆ ಹೆಸರು. ನೇರ ಹೊರಕ್ಕೆ ಚಾಚಿದ್ದರೆ ಅದು ದಂತುರ. ಮೊನೆಯೇ ಇಲ್ಲದೆ ದುಂಡಗಿದ್ದರೆ ಕ್ರೀನೇಟ್. ಕುಂಡದಲ್ಲಿ ಬೆಳೆಸುವ ದೊಡ್ಡಪತ್ರೆ, ಒಂದೆಲಗ ಈ ಬಗೆಯವು. ಕಾಡುಬಸಳೆಯದೂ ಇದೇ ಅಂಚು. ಅದರ ಕಚ್ಚುಗಳಲ್ಲಿ ಮರಿಗಿಡಗಳೇ ಮೊಳೆಯುತ್ತವೆ. ಕಾಂಪೌಂಡಿನ ಪಕ್ಕ ನೆಟ್ಟಗೆ ಬೆಳೆಯುವ ಅಶೋಕದ ಎಲೆಗೆ ಹಲ್ಲಿಲ್ಲ, ಅಂಚು ಮಾತ್ರ ಅಲೆ ಅಲೆ. ಪಪ್ಪಾಯಿಯಲ್ಲಿ ಸೀಳು ಆಳಕ್ಕಿಳಿದು ಎಲೆಯೇ ಹಾಲೆಗಳಾಗಿ ಒಡೆದಿರುತ್ತದೆ.

ಈ ಹೆಸರುಗಳ ಉಪಯೋಗ ಗುರುತು ಹಿಡಿಯುವಲ್ಲಿಗೆ ಮುಗಿಯುವುದಿಲ್ಲ. ಬೆಚ್ಚಗಿನ ನಾಡಿನ ಮರಗಳಲ್ಲಿ ಅಖಂಡ ಅಂಚು ಹೆಚ್ಚು, ಚಳಿನಾಡಿನವುಗಳಲ್ಲಿ ಹಲ್ಲಿನ ಅಂಚು ಹೆಚ್ಚು ಎಂದು ಅಮೆರಿಕದ ಇರ್ವಿಂಗ್ ಬೈಲಿ ಮತ್ತು ಎಡ್ಮಂಡ್ ಸಿನ್ನಟ್ 1915ರಲ್ಲಿ ತೋರಿಸಿದರು. ನಮ್ಮ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಮುಂದೆ ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದ್ದು ಇದೇ ಬೈಲಿಯವರೊಂದಿಗೆ.

1993ರಲ್ಲಿ ಎಲೆಯಂಚಿಗೂ ಉಷ್ಣತೆಗೂ ಇರುವ ಈ ನಂಟಿಗೆ ಒಂದು ಸೂತ್ರವೂ ಬಂತು. ಒಂದು ಕಾಡಿನ ಮರ-ಪೊದೆಗಳ ಜಾತಿಗಳಲ್ಲಿ ನೂರಕ್ಕೆ 75 ಅಖಂಡ ಅಂಚಿನವಾದರೆ ಅಲ್ಲಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನದೂ ಅದರ ಆಸುಪಾಸೇ. ಪಳೆಯುಳಿಕೆಯ ಎಲೆಗಳಲ್ಲಿ ಹೀಗೆ ಲೆಕ್ಕಹಾಕಿ, ಕೋಟ್ಯಂತರ ವರ್ಷಗಳ ಹಿಂದಿನ ತಾಪಮಾನವನ್ನು ಅಂದಾಜು ಮಾಡುತ್ತಾರೆ.

ಚಳಿಗೂ ಹಲ್ಲಿಗೂ ಏನು ಸಂಬಂಧ? ಎಲೆ ಬಿಡಿಸಿಕೊಳ್ಳುವ ಮೊದಲ ವಾರಗಳಲ್ಲಿ ಹಲ್ಲುಗಳ ಬಳಿ ನೀರಾವಿ ಹೊರಹೋಗುವುದೂ ದ್ಯುತಿಸಂಶ್ಲೇಷಣೆಯೂ ಜೋರು. ಬೆಳೆಯುವ ಋತು ಚಿಕ್ಕದಾಗಿರುವ ಕಡೆ ಇದರಿಂದ ಮರಕ್ಕೆ ಬೇಗನೆ ಆಹಾರ ಸಿಗುತ್ತದೆ ಎಂಬುದು ಒಂದು ವಿವರಣೆ.

ಆದರೆ ಬೀದಿಮರಗಳನ್ನು ಎಣಿಸಿ ಊರಿನ ಸೆಖೆ ಅಳೆಯಲಾಗದು. ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಅಮೆರಿಕ ಖಂಡದ್ದು. ತಾನಾಗಿ ಬೆಳೆದ ಸ್ಥಳೀಯ ಕಾಡಿಗಷ್ಟೇ ಈ ಲೆಕ್ಕ ಸಲ್ಲುತ್ತದೆ.

ಗುರುತು ಹಿಡಿಯಲು ಮಾತ್ರ ಬೀದಿಯೇ ಒಳ್ಳೆಯ ಶಾಲೆ. ಅಪರಿಚಿತ ಗಿಡ ಕಂಡಾಗ ಅಂಚಿಗೆ ಹಲ್ಲಿದೆಯೇ, ಮೊನೆ ಚೂಪೋ ದುಂಡೋ, ಅದು ಯಾವ ಕಡೆಗೆ ವಾಲಿದೆ ಎಂದು ನೋಡಿ. ದಾಸವಾಳದ ಎಲೆಗೆ ತುದಿಯ ಕಡೆ ಹಲ್ಲು, ಬುಡದ ಕಡೆ ನುಣುಪು. ಹಾಗಾಗಿ ಇಡೀ ಅಂಚನ್ನು ಸುತ್ತಿ ನೋಡಿಯೇ ತೀರ್ಮಾನಕ್ಕೆ ಬನ್ನಿ.