ನೆರೆಯ ಗಿಡದ ಪರಾಗ

ಮಾರ್ಚ್‌ನ ಒಂದು ಗುರುವಾರ ರಾತ್ರಿ ಶಿರಸಿ ಸೀಮೆಯಲ್ಲಿ ಮಳೆ ಹೊಯ್ದಿತ್ತು. ಮರುದಿನ ಬೆಳಿಗ್ಗೆಯೇ ಧಾರವಾಡಕ್ಕೆ ಗೆಳೆಯರ ಫೋನು: ‘ನಾಳೆ ಬೇಡ, ಆಚೆ ಶನಿವಾರ ಬನ್ನಿ. ಕಾಫಿ ಹೂ ಬಿಟ್ಟಿರ್ತದೆ.’

ಹುಬ್ಬಳ್ಳಿ, ತಡಸ, ಮುಂಡಗೋಡ ದಾಟಿ ಅವರ ತೋಟಕ್ಕೆ ಇಳಿದಾಗ ಹೂವು ಕಾಣುವ ಮೊದಲೇ ಪರಿಮಳ ಬಂತು, ಮಲ್ಲಿಗೆಯದೇ ಅನ್ನಬೇಕು. ಅಡಿಕೆ ಮರಗಳ ನಡುವೆ ರೊಬಸ್ಟಾ ಗಿಡಗಳು. ರೆಂಬೆಯ ಗೆಣ್ಣುಗಳಲ್ಲೆಲ್ಲ ಬಿಳಿ ಹೂವಿನ ಗೊಂಚಲು. ಚಹಾದ ಊರಿನಿಂದ ಹೋದ ನನಗೆ ಮಾತೇ ಹೊರಡಲಿಲ್ಲ.

ಇಷ್ಟು ಖಚಿತವಾಗಿ ದಿನ ಹೇಳಲು ಸಾಧ್ಯವಾದದ್ದು ಹೇಗೆ? ಕಾಫಿಯ ಮೊಗ್ಗು ಒಂದು ಹಂತದವರೆಗೆ ಬೆಳೆದು ನಿದ್ದೆ ಹೋಗುತ್ತದೆ. ಚಳಿಗಾಲ ಕಳೆದ ಮೇಲಿನ ಒಣ ದಿನಗಳು ಅದನ್ನು ಎಚ್ಚರಕ್ಕೆ ಅಣಿಗೊಳಿಸುತ್ತವೆ. ಗಿಡಕ್ಕೆ ನೀರಡಿಕೆಯೇ ಆಗದಿದ್ದರೆ ಹೂ ಒಟ್ಟಿಗೆ ಬರುವುದಿಲ್ಲ. ಆಮೇಲೆ ಮಣ್ಣು ನೆನೆಯುವಷ್ಟು ಮಳೆ ಬಿದ್ದರೆ ಮೊಗ್ಗು ನೀರು ಹೀರಿ ಉಬ್ಬುತ್ತದೆ, ಎಂಟು–ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಅರಳುತ್ತದೆ. ಮಲೆನಾಡಿನಲ್ಲಿ ಈ ಮಳೆಗೆ ಹೂಮಳೆ ಎನ್ನುತ್ತಾರೆ. ತುಂತುರು ಸಾಲದು, ಅರೆಬರೆ ನೆನೆದ ಮೊಗ್ಗು ಅರಳದೆ ಒಣಗುತ್ತದೆ. ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ.

ಒಟ್ಟಿಗೆ ಅರಳುವುದು ರೊಬಸ್ಟಾಕ್ಕೆ ಅನಿವಾರ್ಯ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ಬಾಬಾ ಬುಡನ್ ಯೆಮನ್‌ನಿಂದ ತಂದರೆಂದು ಐತಿಹ್ಯ ಹೇಳುವ ಏಳು ಬೀಜಗಳಲ್ಲಿ ಒಂದೇ ಮೊಳೆತಿದ್ದರೂ ಸಂತತಿ ಮುಂದುವರಿಯುತ್ತಿತ್ತು. ರೊಬಸ್ಟಾ ಹಾಗಲ್ಲ. ತನ್ನದೇ ಪರಾಗ ಬಿದ್ದರೆ ಅದು ಅಂಡದವರೆಗೆ ಮುಟ್ಟದಂತೆ ಹೂವೇ ತಡೆಯುತ್ತದೆ. ಬೇರೆ ತಳಿಗುಣದ ಗಿಡದಿಂದಲೇ ಪರಾಗ ಬರಬೇಕು. ಗಾಳಿ ಸ್ವಲ್ಪ ತರುತ್ತದೆ. ಹೆಜ್ಜೇನು, ತುಡುವೆ ಜೇನು ಹಾರಾಡಿದಲ್ಲಿ ಕಾಯಿ ಇನ್ನೂ ಚೆನ್ನಾಗಿ ಕಚ್ಚುತ್ತದೆ. ಜೇನಿಗೆ ಸರ್ವೆ ನಂಬರಿನ ಗಡಿ ಇಲ್ಲ. ಹಾಗಾಗಿ ದೊಡ್ಡ ಮರದ ಹೆಜ್ಜೇನಿಗೆ ಬೆಂಕಿ ಇಡುವವನು ಪಕ್ಕದವರ ಫಸಲಿಗೂ ಕೈ ಹಾಕಿದಂತೆ. ಹೂವಿನ ದಿನಗಳಲ್ಲಿ ಕೀಟನಾಶಕ ಹೊಡೆಯುವುದೂ ಅಷ್ಟೇ ತಪ್ಪು.

ನೆರೆಯವರ ನೆರವು ಬೇಕಾದದ್ದು ಗಿಡಕ್ಕಷ್ಟೇ ಅಲ್ಲ, ಬೆಳೆಗಾರರಿಗೂ. ಗೆಳೆಯರು ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಸದಸ್ಯರು. ಊರವರ ಬಾಯಲ್ಲಿ ಅದು ಟಿಎಸ್‌ಎಸ್. 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡದ್ದು. ನಮ್ಮ ಹಳೆಯ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಆರಂಭಿಸಿದ್ದು ಇನ್ನೂ ಹಿಂದೆ, 1905ರಲ್ಲಿ. ಎರಡೆಕರೆ, ಮೂರೆಕರೆಯವರು ವ್ಯಾಪಾರಿಯ ಮುಂದೆ ಒಬ್ಬೊಬ್ಬರೇ ನಿಂತರೆ ಬೆಲೆ ಸಿಗದು ಎಂಬುದನ್ನು ಈ ಸೀಮೆ ಬಹಳ ಬೇಗ ಕಂಡುಕೊಂಡಿತ್ತು.

ಭಾನುವಾರ ಮಧ್ಯಾಹ್ನ ಹೊರಡುವಷ್ಟರಲ್ಲಿ ಹೂವು ಕಂದತೊಡಗಿತ್ತು. ಗೆಳೆಯರು ಆಗಾಗ ಆಕಾಶ ನೋಡುತ್ತಿದ್ದರು. ಇನ್ನೆರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಕಚ್ಚಿದ ಕಾಯಿ ನಿಲ್ಲಲು. ಹಣ್ಣಾಗಲು ಹತ್ತು–ಹನ್ನೊಂದು ತಿಂಗಳು. ಜನವರಿಯಲ್ಲಿ ಕೊಯ್ಲಿಗೆ ಬರುತ್ತೇನೆಂದು ಹೇಳಿ ಹೊರಟೆ.