ಮಾತ್ರೆ ನಿಲ್ಸೋ ಮುಂಚೆ ಡಾಕ್ಟರಿಗೆ ಹೇಳಿ

ತಮ್ಮನಿಗೋ ತಂಗಿಗೋ ಮನೋವೈದ್ಯರು ಮಾತ್ರೆ ಬರೆದುಕೊಟ್ಟರೆ ಮನೆಯವರು ಮೊದಲು ಕೇಳೋದು ಮನೇಲಿ ಓದಿರೋರನ್ನ. ಅಂದ್ರೆ ನಮ್ಮನ್ನ! ಮಾತ್ರೆ ಶೀಟಿನ ಫೋಟೋ ವಾಟ್ಸಾಪಲ್ಲಿ ಬರುತ್ತೆ, "ಇದು ಕೊಡಬಹುದಾ, ನೋಡಿ ಹೇಳಪ್ಪ" ಅಂತ. ನಾವು ಗೂಗಲ್‌ನಲ್ಲಿ ಸೈಡ್ ಎಫೆಕ್ಟ್ ಪಟ್ಟಿ ನೋಡಿ "ನಿಲ್ಸಿಬಿಡಿ" ಅಂದ್ರೆ ಏನಾಗಬಹುದು?

ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲಿ ಒಂದು ಮನೆ ಅಂತ ಇಟ್ಕೊಳ್ಳಿ. ಹತ್ತು ವರ್ಷದ ಹುಡುಗ, ಕ್ಲಾಸಲ್ಲಿ ಒಂದು ನಿಮಿಷ ಕೂರಲ್ಲ. ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದಾಯ್ತು. ಆಮೇಲೆ ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಕರ್ಕೊಂಡು ಹೋದರು. ಡಾಕ್ಟರ್ ಎಡಿಎಚ್‌ಡಿ ಅಂತ ಹೇಳಿ ಮೀಥೈಲ್‌ಫೆನಿಡೇಟ್ ಕೊಟ್ಟರು. ಎರಡು ವಾರದಲ್ಲಿ ಹುಡುಗ ಮಧ್ಯಾಹ್ನ ಮುದ್ದೆ ಮುಟ್ಟೋದೇ ಬಿಟ್ಟ. ಅಮ್ಮ ಹೆದರಿ ಮಾತ್ರೆ ನಿಲ್ಲಿಸಿದರು. ಮುಂದಿನ ಸಲ ಡಾಕ್ಟರ್ ಕೇಳಿದಾಗ ಬೈತಾರೆ ಅನ್ನೋ ಭಯಕ್ಕೆ "ಕೊಡ್ತಾ ಇದೀವಿ ಸಾರ್" ಅಂದರು. ಮಾತ್ರೆ ತಗೊಂಡೂ ಹುಡುಗ ಸುಧಾರಿಸಿಲ್ಲ ಅಂದ್ಕೊಂಡ ಡಾಕ್ಟರ್ ಡೋಸ್ ಜಾಸ್ತಿ ಮಾಡಿದರು.

ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೇಲಿ ಹೇಳೋದಾದ್ರೆ, ಸೆನ್ಸರ್ ತಪ್ಪು ರೀಡಿಂಗ್ ಕೊಟ್ಟರೆ ಕಂಟ್ರೋಲರ್ ಎಷ್ಟೇ ಚೆನ್ನಾಗಿದ್ದರೂ ಔಟ್‌ಪುಟ್ ತಪ್ಪೇ. ಇಲ್ಲಿ ಸೆನ್ಸರ್ ಅಪ್ಪ ಅಮ್ಮ.

ಹಾಗಂತ ಅಮ್ಮನ ಭಯ ಸುಳ್ಳಲ್ಲ. ಮೀಥೈಲ್‌ಫೆನಿಡೇಟ್ ನಿಜವಾಗಿಯೂ ಹಸಿವು ಕಡಿಮೆ ಮಾಡುತ್ತೆ, ಕೆಲವರಿಗೆ ನಿದ್ದೇನೂ ತಡವಾಗುತ್ತೆ. ಅದಕ್ಕೇ ಡಾಕ್ಟರು ಮಗುವಿನ ಎತ್ತರ, ತೂಕ ನೋಡ್ತಾ ಇರ್ತಾರೆ. ಬೆಳಿಗ್ಗೆ ತಿಂಡಿ ಆದ್ಮೇಲೆ ಮಾತ್ರೆ ಕೊಡೋದು, ಡೋಸ್ ಇಳಿಸೋದು, ಬೇರೆ ಮಾತ್ರೆಗೆ ಬದಲಾಯಿಸೋದು, ಹೀಗೆ ದಾರಿಗಳಿವೆ. ರಿಸ್ಪೆರಿಡೋನ್ ತಗೊಂಡರೆ ತೂಕ ಏರಬಹುದು, ಹಾಗಾಗಿ ತೂಕ, ಶುಗರ್ ಚೆಕ್ ಮಾಡಿಸಬೇಕು. ಫ್ಲುವಾಕ್ಸೆಟಿನ್ ಕೆಲಸ ಮಾಡೋಕೆ ಕೆಲವು ವಾರ ಬೇಕು. ಇಂಥ ಖಿನ್ನತೆಯ ಮಾತ್ರೆಗಳಿಂದ ಕೆಲವು ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ 2004ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಅದು ನಿಷೇಧ ಅಲ್ಲ. ಶುರುವಿನಲ್ಲಿ ಮತ್ತು ಡೋಸ್ ಬದಲಾದಾಗ ಮಗುವನ್ನ ಹತ್ತಿರದಿಂದ ಗಮನಿಸಿ ಅಂತ ಅರ್ಥ.

ದಿಢೀರನೆ ನಿಲ್ಲಿಸೋದರಲ್ಲೂ ಅಪಾಯ ಇದೆ. ವಾಲ್‌ಪ್ರೋಯೇಟ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಖಿನ್ನತೆಯ ಕೆಲವು ಮಾತ್ರೆ ಬಿಟ್ಟರೆ ತಲೆಸುತ್ತು, ಸಿಡುಕು ಕಾಣಿಸುತ್ತೆ.

ಹಾಗಾಗಿ ಮನೆಯವರಿಗೆ ಒಂದು ನೋಟ್‌ಬುಕ್ ಇಡೋಕೆ ಹೇಳಿ. ಯಾವ ದಿನ ಮಾತ್ರೆ ತಪ್ಪಿತು, ಊಟ ನಿದ್ದೆ ಹೇಗಿತ್ತು, ಟೀಚರ್ ಏನಂದರು, ಎಲ್ಲ ಬರೀಲಿ. ಮಗುವಿಗೆ ಏನನ್ಸುತ್ತೆ ಅಂತ ಮಗುವನ್ನೇ ಕೇಳಲಿ. ನಾಟಿ ಔಷಧಿ ಕೊಡ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ. ಡಾಕ್ಟರನ್ನ ಕೇಳಬೇಕಾದ್ದು ಇವು:

ಈ ಮಾತ್ರೆ ಯಾತಕ್ಕೆ? ಬದಲಾವಣೆ ಎಷ್ಟು ದಿನಕ್ಕೆ ಕಾಣುತ್ತೆ?
ಯಾವ ತೊಂದರೆ ಮಾಮೂಲಿ, ಯಾವುದಕ್ಕೆ ತಕ್ಷಣ ಬರಬೇಕು?
ಒಂದು ಹೊತ್ತು ತಪ್ಪಿದರೆ ಏನು ಮಾಡೋದು?
ಎಷ್ಟು ಕಾಲ ಬೇಕು, ನಿಲ್ಲಿಸೋದು ಹೇಗೆ?
ಮಾತ್ರೆ ಜೊತೆ ಅಥವಾ ಅದರ ಬದಲು ಬೇರೆ ಚಿಕಿತ್ಸೆ ಇದೆಯಾ?

ಹೀಗೆ ಕೇಳೋದು ಅಧಿಕಪ್ರಸಂಗ ಅಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಅಂತ ಅರ್ಥವಾಗೋ ಭಾಷೆಯಲ್ಲಿ ತಿಳಿಯೋದು ಹಕ್ಕು. ಕನ್ನಡದಲ್ಲಿ ಹೇಳಿ ಅಂತ ಧೈರ್ಯವಾಗಿ ಕೇಳಬಹುದು.

ಮುಂದಿನ ಭೇಟಿ ದೂರ ಇದ್ದು ಮಧ್ಯೆ ಅನುಮಾನ ಬಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡಬಹುದು. ಆದರೆ ಫಿಟ್ಸ್ ಬಂದರೆ, ಮೈಮೇಲೆಲ್ಲ ಗುಳ್ಳೆ ಎದ್ದರೆ, ಮಗು ಸಾಯೋ ಮಾತಾಡಿದರೆ ಫೋನಲ್ಲೇ ಕಾಲ ಕಳೆಯೋದು ಬೇಡ, ಹತ್ತಿರದ ಆಸ್ಪತ್ರೆಗೆ ಹೊರಡಲಿ.