ಪ್ರಶ್ನೆ ಕೇಳುವ ವಿದ್ಯೆ

1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರವು ಪ್ರಸಾರವನ್ನಾರಂಭಿಸಿದ ತರುವಾಯ, ಬೀದಿಯಲ್ಲಿ ತಮಿಳು ತೆಲುಗುಗಳೇ ಹೆಚ್ಚಾಗಿ ಕೇಳಿಬರುವ ನಮ್ಮ ಹೊಸೂರು ಸೀಮೆಯ ಮಕ್ಕಳಿಗೆ ಶಿಷ್ಟವಾದ ಕನ್ನಡ ಸಂಭಾಷಣೆಯನ್ನು ಕೇಳಲು ಒಂದು ಮಾರ್ಗವಾಯಿತು. ಇದು ಅಲ್ಪ ಲಾಭವಲ್ಲ. ಆದುದರಿಂದ ದೂರದರ್ಶನದ ಸಂದರ್ಶನಗಳ ಮಟ್ಟವು ಕುಸಿದರೆ ನಷ್ಟವೂ ನಮಗೇ ಹೆಚ್ಚು.

ಸಂದರ್ಶನವೆಂದರೆ ಬಲ್ಲವರಿಂದ ವಿಷಯವನ್ನು ಹೊರಡಿಸುವ ಕಾರ್ಯ. ಸಂದರ್ಶಕನು ಅತಿಥಿಯ ಕೆಲಸವನ್ನು ಮೊದಲೇ ಅರಿತಿರಬೇಕು. ಚಿಕ್ಕ ಪ್ರಶ್ನೆಯನ್ನು ಕೇಳಿ ಸುಮ್ಮನಿರಬೇಕು. ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು. ಕೃಷ್ಣಗಿರಿಯ ಮಾವಿನ ತೋಟದ ರೈತನನ್ನು “ಈ ವರ್ಷ ಹೂವು ಏಕೆ ಉದುರಿತು?” ಎಂದು ಕೇಳಿದರೆ ಮಳೆ, ಹುಳು, ಔಷಧಿಯ ಬೆಲೆ ಎಲ್ಲವನ್ನೂ ಹೇಳುವನು. “ಬಹಳ ದುಃಖವಾಯಿತಲ್ಲವೆ?” ಎಂದರೆ “ಹೌದು” ಎಂದು ಸುಮ್ಮನಾಗುವನು. ಈಗ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆಯೇ.

ಕಾರಣವೂ ಗೂಢವಲ್ಲ. ಹಗಲಿರುಳು ನಡೆಯುವ ವಾರ್ತಾವಾಹಿನಿಗಳಿಗೆ 24 ಗಂಟೆಗಳನ್ನು ತುಂಬಬೇಕು. ಹಳ್ಳಿಗೆ ಕ್ಯಾಮೆರಾ ಕಳುಹಿಸುವುದಕ್ಕಿಂತ ನಾಲ್ವರನ್ನು ಕುಳ್ಳಿರಿಸಿ ವಾದಕ್ಕೆ ಬಿಡುವುದು ಅಗ್ಗ. ಜಾಹೀರಾತಿನ ದರವು ವಾರವಾರದ ವೀಕ್ಷಕರ ಲೆಕ್ಕವನ್ನು ಅವಲಂಬಿಸಿರುವುದರಿಂದ ಗದ್ದಲಕ್ಕೆ ಬೆಲೆ ಬಂದಿದೆ.

ಎಲ್ಲವೂ ಹೀಗೆಂದರೆ ಅನ್ಯಾಯವಾದೀತು. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ ರಸಪ್ರಶ್ನೆಯೇ ಆದರೂ ಅಲ್ಲಿ ಸ್ಪರ್ಧಿಗೆ ಗೌರವವಿದೆ, ಬಹುಮಾನವೂ ಪುಸ್ತಕ.

ಈಚೆಗೆ ಒಬ್ಬ ಬಾಲಕನು ಅಳತೆಪಟ್ಟಿಯನ್ನು ಮೈಕಿನಂತೆ ಹಿಡಿದು ಅಜ್ಜಿಯನ್ನು ಪ್ರಶ್ನಿಸುತ್ತಿದ್ದನು. ಕೆಲವರಪಳ್ಳಿಯಲ್ಲಿ ಅಣೆಕಟ್ಟು ಕಟ್ಟುವ ಮೊದಲು ಹೊಳೆ ಹೇಗೆ ಹರಿಯುತ್ತಿತ್ತೆಂದು ಆಕೆ ಹೇಳತೊಡಗಿದಳು. “ಸಮಯವಿಲ್ಲ, ಹೌದೋ ಅಲ್ಲವೋ ಹೇಳಿ!” ಎಂದು ಹುಡುಗನು ಗದರಿಸಿದನು. ಆಕೆ ನಕ್ಕು ಸುಮ್ಮನಾದಳು; ಹೊಳೆಯ ಸಂಗತಿ ಅಲ್ಲಿಗೇ ನಿಂತಿತು.